ಕ್ಯಾನ್ಸರ್ ಇದ್ದವರಿಗೆ ಹಣ್ಣು, ಬಿಸ್ಕತ್ತು ಬಿಟ್ಟು ಏನು ಕೊಡಬಹುದು?

ಬೆಟಗೇರಿ_ಓಣಿ:
ನಮ್ಮ ಓಣಿಯ ಅಕ್ಕ ಒಬ್ಬರಿಗೆ ಬಾಯಿ ಕ್ಯಾನ್ಸರ್. ಮುಂದಿನ ವಾರದಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಶುರು. ಓಣಿಯವರೆಲ್ಲ ಸೇರಿ 12 ಸಾವಿರ ಕೂಡಿಸಿದ್ದೇವೆ. ಮೊನ್ನೆ ನೋಡಲು ಹೋದಾಗ ಮೂಲೆಯಲ್ಲಿ ಸೇಬು, ಮೋಸಂಬಿ ಚೀಲಗಳೇ ಏಳೆಂಟು ಇದ್ದವು, ಅವರಿಗೋ ನೀರು ನುಂಗುವುದೇ ಕಷ್ಟ. ನಿಜವಾಗಿ ಉಪಯೋಗ ಆಗುವಂಥದ್ದು ಏನು ಮಾಡಬಹುದು? ಮನೆಯಲ್ಲಿ ಅನುಭವ ಇದ್ದವರು ದಯವಿಟ್ಟು ಹೇಳಿ.

ರೋಣದ_ಮಗಳು:
ನಮ್ಮವ್ವನಿಗೆ 33 ಸಲ ರೇಡಿಯೇಷನ್ ಆಯಿತು. ಸೋಮವಾರದಿಂದ ಶುಕ್ರವಾರ ದಿನಾ ಹೋಗಬೇಕು, ಅಂದರೆ ಸುಮಾರು ಏಳು ವಾರ. ಮಷೀನ್ ಕೆಳಗೆ ಮಲಗುವುದು ಕೆಲವೇ ನಿಮಿಷ, ಆದರೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್‌ನಲ್ಲಿ ಚಿಕಿತ್ಸೆ ಖರ್ಚು ನಡೆಯುತ್ತದೆ, ಜೊತೆಗೆ ಹೋದವರ ಕೂಲಿ ಯಾರು ಕೊಡಬೇಕು? ನಮಗೆ ದೊಡ್ಡ ಉಪಕಾರ ಮಾಡಿದ್ದು ಪಕ್ಕದ ಮನೆಯವರು. "ಏನಾದ್ರೂ ಬೇಕಿದ್ರೆ ಹೇಳು" ಅನ್ನಲಿಲ್ಲ, ಹಾಗಂದರೆ ಯಾರೂ ಕೇಳುವುದಿಲ್ಲ ಅಲ್ವಾ. "ಮಂಗಳವಾರ, ಗುರುವಾರ ನಾನು ಹೋಗ್ತೀನಿ" ಅಂದರು, ಹೋದರು. ಅವೆರಡು ದಿನ ಅಪ್ಪ ಹೊಲಕ್ಕೆ ಹೋಗುತ್ತಿದ್ದರು. ನಿಮ್ಮ ಓಣಿಯ ಹೆಣ್ಣುಮಕ್ಕಳು ಸರದಿ ಮಾಡಿಕೊಂಡರೆ ಶಕ್ತಿ ಯೋಜನೆಯಲ್ಲಿ ಇಬ್ಬರೂ ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಕೂಡಿಸಿದ ದುಡ್ಡನ್ನು ಕೊನೆಯ ಎರಡು ವಾರಕ್ಕೆ ಇಟ್ಟುಕೊಳ್ಳಿ. ಆಗ ಸುಸ್ತು ಜಾಸ್ತಿ, ವಾಪಸ್ ಬರುವಾಗ ಕಾರು ಬೇಕೇ ಬೇಕು.

ಊಟದ ಮಾತು. ಮೂರನೇ ವಾರಕ್ಕೆ ಅವ್ವನ ಬಾಯೆಲ್ಲ ಹುಣ್ಣು. ದಿನಾ ರೊಟ್ಟಿ ತಿಂದವಳು ರೊಟ್ಟಿ ನೋಡಿ ಅತ್ತಳು. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಮಜ್ಜಿಗೆ ಹಾಕಿ ಮಿಕ್ಸಿಯಲ್ಲಿ ತಿರುವಿ, ಪೂರ್ತಿ ಆರಿಸಿ ಕೊಟ್ಟರೆ ಇಳಿಯುತ್ತಿತ್ತು. ಖಾರ ಬೇಡ, ಒಗ್ಗರಣೆಯೂ ಬೇಡ, ಆ ವಾಸನೆಗೇ ಅವಳಿಗೆ ವಾಂತಿ ಬರುತ್ತಿತ್ತು. ಶುಗರ್ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಮತ್ತೆ, ನೆಗಡಿ ಇದ್ದವರು ನೋಡಲು ಹೋಗಲೇಬೇಡಿ.

ವಿದ್ಯಾನಗರ_ಹುಬ್ಬಳ್ಳಿ:
ಕೀಮೋ ಕೂಡ ಇದ್ದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ, ಕೀಮೋದಲ್ಲಿ ಕಡಿಮೆ ಆಗಬಹುದು) ಕೊಡುವವರ ಪಟ್ಟಿ ಈಗಲೇ ಮಾಡಿ, ರಕ್ತದ ಗುಂಪು ಮತ್ತು ಫೋನ್ ನಂಬರ್ ಬರೆದು ಮನೆಯವರ ಕೈಗೆ ಕೊಡಿ. ಪ್ಲೇಟ್‌ಲೆಟ್ ಕೇವಲ 5 ದಿನ ಇರುತ್ತದೆ, ಕೂಡಿಡಲು ಆಗುವುದಿಲ್ಲ. ಹಾಗಾಗಿ ಬೇಕಾದಾಗ ಮನುಷ್ಯರೇ ಬೇಕು. ನಾನು ಹಲವು ಸಲ ಕೊಟ್ಟಿದ್ದೇನೆ. ಒಂದೂವರೆ ತಾಸು ಕೂರಬೇಕು, ಮಷೀನ್ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತ ವಾಪಸ್ ಬಿಡುತ್ತದೆ. ನಡುವೆ ತುಟಿ ಜುಮ್ ಅನ್ನುತ್ತದೆ, ಹೇಳಿದರೆ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ಹೆದರಬೇಡಿ. ಕೊಡುವ ಮೊದಲಿನ 3 ದಿನ ಆಸ್ಪಿರಿನ್ ತಗೊಂಡಿರಬಾರದು.

ರಾಣೆಬೆನ್ನೂರು_ರೈಲು:
ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರೆ ರೈಲಿನಲ್ಲೇ ಹೋಗಿ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ 75% ರಿಯಾಯಿತಿ. ಆಸ್ಪತ್ರೆಯಿಂದ ರೈಲ್ವೆ ಫಾರಂಗೆ ಸಹಿ ಹಾಕಿಸಬೇಕು. ಆ ಓಡಾಟವನ್ನು ನೀವೇ ಮಾಡಿಕೊಡಿ.

ಬೆಟಗೇರಿ_ಓಣಿ:
ಎಲ್ಲರಿಗೂ ಶರಣು. ನಿನ್ನೆ ರಾತ್ರಿ ಅಕ್ಕನ ಗಂಡನನ್ನೂ ಕೂರಿಸಿಕೊಂಡು ಮಾತಾಡಿದೆವು. ಅವರ ಮಗ್ಗ ನಿಂತು ಹದಿನೈದು ದಿನ ಆಗಿದೆಯಂತೆ, ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಹೆಸರು ಬರೆದಿದ್ದೇವೆ. ಸೋಮವಾರ ನಮ್ಮವ್ವ ಹೋಗುತ್ತಾಳೆ, ನುಚ್ಚಿನ ಡಬ್ಬಿ ನಮ್ಮ ಮನೆಯದೇ.