ಟ್ಯಾಂಕಿನ ನೀರು ಗೋಡೆಗಿಳಿದ ಮೇಲೆ ಆರ್‌ಸಿಸಿಬಿ ಆನ್ ಆಗುತ್ತಿಲ್ಲ, ನೇರ ಸಂಪರ್ಕ ಕೊಡಿಸಬಹುದೇ?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ):
ಮಾನ್ಯರೇ, ತಾರಸಿಯ ಮೇಲಿನ ಟ್ಯಾಂಕಿನ ಪೈಪು ರಾತ್ರಿ ಬಿಟ್ಟುಕೊಂಡು, ಬೆಳಗಾಗುವಷ್ಟರಲ್ಲಿ ನಮ್ಮ ನಡುಮನೆಯ ಗೋಡೆ ಪೂರ್ತಿ ತೊಯ್ದಿತ್ತು. ಪ್ಲಂಬರ್ ಬಂದು ಪೈಪು ಸರಿಪಡಿಸಿದರು. ಆದರೆ ಅಂದಿನಿಂದ ಮೇನ್ ಬೋರ್ಡಿನ ಆರ್‌ಸಿಸಿಬಿಯನ್ನು (ಕರೆಂಟು ಸೋರಿದರೆ ತಾನೇ ಸಪ್ಲೈ ಕಡಿಯುವ ಸ್ವಿಚ್) ಮೇಲೆತ್ತಿದ ಕೂಡಲೇ ಅದು ಕೆಳಗೆ ಬೀಳುತ್ತದೆ. ಎಲೆಕ್ಟ್ರಿಷಿಯನ್ ನಡುಮನೆಯ ಸ್ವಿಚ್‌ಬೋರ್ಡಿನ ಸ್ಕ್ರೂ ಸಡಿಲಿಸಿದಾಗ ಒಳಗಿನಿಂದ ಕಂದು ಬಣ್ಣದ ನೀರು ತೊಟ್ಟಿಕ್ಕಿತು. ಆದರೂ ಅವರು ಆರ್‌ಸಿಸಿಬಿಯೇ ಕೆಟ್ಟಿದೆ, ಅದನ್ನು ತಪ್ಪಿಸಿ ವೈರನ್ನು ನೇರವಾಗಿ ಜೋಡಿಸುತ್ತೇನೆ ಎನ್ನುತ್ತಿದ್ದಾರೆ. ಸದ್ಯ ಫ್ಯಾನು, ಲೈಟು ಇನ್ವರ್ಟರ್‌ನಿಂದ ನಡೆಯುತ್ತಿವೆ. ಮನೆಯಲ್ಲಿ ಚಿಕ್ಕ ಮಗುವಿದೆ. ಒಪ್ಪಬಹುದೇ?

ಉತ್ತರ (ವಿದ್ಯಾನಗರ, ದಾವಣಗೆರೆ):
ದಯವಿಟ್ಟು ಒಪ್ಪಬೇಡಿ. ಅದಕ್ಕೂ ಮೊದಲು ಇನ್ವರ್ಟರ್ ಆಫ್ ಮಾಡಿ. ಆರ್‌ಸಿಸಿಬಿ ಕೆಳಗಿದ್ದರೂ ಇನ್ವರ್ಟರ್ ಅದೇ ತೊಯ್ದ ಗೋಡೆಯೊಳಗಿನ ವೈರುಗಳಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದೇ ಇಲ್ಲ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿ ಬರುತ್ತಿದೆಯೇ ಎಂದು ಆರ್‌ಸಿಸಿಬಿ ನೋಡುತ್ತಿರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 30 ಮಿಲಿ ಆಂಪಿಯರ್‌ನದಾದರೆ, ಅಷ್ಟು ಸಣ್ಣ ಸೋರಿಕೆಗೇ ಅದು ಬೀಳುತ್ತದೆ. ಲೈನಿನಲ್ಲಿ ಕರೆಂಟು ಮಿತಿ ಮೀರಿದಾಗ ಮಾತ್ರ ಬೀಳುವ 10 ಆಂಪಿಯರ್‌ನ ಎಂಸಿಬಿಗೆ ಈ ಸೋರಿಕೆ ತಿಳಿಯುವುದೇ ಇಲ್ಲ, ಆದರೆ ಮನುಷ್ಯನ ಜೀವಕ್ಕೆ ಅಪಾಯವಾಗಲು ಅಷ್ಟು ಸಾಕು. ನಿಮ್ಮ ಬೋರ್ಡಿನಿಂದ ನೀರು ತೊಟ್ಟಿಕ್ಕುತ್ತಿರುವಾಗ ಅದು ಬೀಳುತ್ತಿದ್ದರೆ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ ಎಂದು ತಿಳಿಯಬೇಕು.

ಉತ್ತರ (ವೈರಿಂಗ್ ಕೆಲಸದವರು, ಚಿತ್ರದುರ್ಗ):
ಮೇಲಿನವರು ಹೇಳಿದ್ದು ಸರಿ. ಆರ್‌ಸಿಸಿಬಿ ಕೆಟ್ಟಿದೆಯೇ ಎಂಬುದನ್ನು ಊಹಿಸಬೇಕಾಗಿಲ್ಲ, ಪರೀಕ್ಷಿಸಬಹುದು. ಮೇನ್ ಆಫ್ ಮಾಡಿ ಅದರಿಂದ ಮನೆಯೊಳಗೆ ಹೋಗುವ ಎರಡೂ ವೈರು ಬಿಡಿಸಿ, ಬರುವ ಸಪ್ಲೈ ಮಾತ್ರ ಇಟ್ಟು ಮೇಲೆತ್ತಬೇಕು. ಆಗ ಅದು ಬೀಳದೆ ಮೇಲೆಯೇ ನಿಂತು, ಅದರ ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ದೋಷ ಗೋಡೆಯಲ್ಲಿದೆ. ಇದನ್ನು ಪರವಾನಗಿ ಇರುವವರೇ ಮಾಡಬೇಕು. ಎಂಸಿಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದಾಗಿ ಏರಿಸುತ್ತಾ ಹೋದರೆ ಸಾಮಾನ್ಯವಾಗಿ ದೋಷವಿರುವ ಲೈನು ಸಿಗುತ್ತದೆ. ಆದರೆ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ತೊಯ್ದ ಬಾಕ್ಸಿನಲ್ಲಿ ನ್ಯೂಟ್ರಲ್ ಅರ್ಥಿಂಗ್‌ಗೆ ತಾಗಿದ್ದರೆ ಎಲ್ಲವೂ ಕೆಳಗಿದ್ದಾಗಲೂ ಆರ್‌ಸಿಸಿಬಿ ಬೀಳಬಹುದು. ನಿಮ್ಮವರು ಅದು ಕೆಟ್ಟಿದೆ ಎಂದದ್ದು ಬಹುಶಃ ಇದನ್ನು ನೋಡಿಯೇ.

ಸ್ಲ್ಯಾಬಿನೊಳಗೆ ವೈರು ಹಾಯುವ ಕಾಂಡ್ಯೂಟ್ ಪೈಪಿಗೆ ಸೇರಿದ ನೀರು ಇಳಿಜಾರು ಸಿಕ್ಕಲ್ಲೆಲ್ಲ ಹರಿದು ಕೊನೆಗೆ ಸ್ವಿಚ್‌ಬೋರ್ಡಿನಲ್ಲಿ ನಿಲ್ಲುತ್ತದೆ. ಗೋಡೆ ಮೇಲೆ ಒಣಗಿದಂತೆ ಕಂಡರೂ ಪೈಪಿನ ತಿರುವುಗಳಲ್ಲಿ ನೀರು ಉಳಿದಿರುತ್ತದೆ. ಆದ್ದರಿಂದ ಬೋರ್ಡುಗಳನ್ನೂ ಫ್ಯಾನಿನ ಮೇಲಿನ ಬಾಕ್ಸನ್ನೂ ತೆರೆದಿಟ್ಟು ಪೈಪಿನೊಳಗೆ ಬ್ಲೋವರ್‌ನಿಂದ ಗಾಳಿ ಹಾಯಿಸಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದು ಒಣಗಿದ ಮೇಲೆ ಸಾಕೆಟ್ಟಿನೊಳಗೆ ಬಿಳಿ ಪುಡಿಯಂತೆ ಉಳಿಯುವ ಲವಣ ಮತ್ತೆ ತೇವ ಸಿಕ್ಕರೆ ಕರೆಂಟಿಗೆ ದಾರಿ ಕೊಡುತ್ತದೆ, ಹಿತ್ತಾಳೆಯ ಮೇಲೆ ಹಸಿರು ಕಿಲುಬೂ ಕಟ್ಟುತ್ತದೆ. ತೊಯ್ದ ಸ್ವಿಚ್, ಸಾಕೆಟ್‌ಗಳನ್ನು ಒರೆಸಿ ಮತ್ತೆ ಹಾಕಬೇಡಿ, ಹೊಸದು ಹಾಕಿಸಿ. ಕೊನೆಯಲ್ಲಿ, ವೈರಿನ ಇನ್ಸುಲೇಷನ್ ಸರಿಯಿದೆಯೇ ಎಂದು ಅಳೆಯುವ 500 ವೋಲ್ಟ್ ಮೆಗ್ಗರ್‌ನಿಂದ ಅಳೆಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸುವ ಲೈನಿಗೆ ಸಪ್ಲೈ ಕೊಡಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇನ್ವರ್ಟರ್ ಆಫ್ ಮಾಡಿದ್ದೇವೆ. ಗೋಡೆಗೆ ಟೆಸ್ಟರ್ ಇಟ್ಟು ನೋಡಿದರೆ ಸಾಕೇ? ನಡುಮನೆಯ ಎಂಸಿಬಿ ಮಾತ್ರ ಇಳಿಸಿಟ್ಟು ಉಳಿದ ಕೋಣೆಗಳನ್ನು ಬಳಸಬಹುದೇ?

ಉತ್ತರ (ವೈರಿಂಗ್ ಕೆಲಸದವರು, ಚಿತ್ರದುರ್ಗ):
ಟೆಸ್ಟರ್ ಉರಿಯದಿದ್ದ ಮಾತ್ರಕ್ಕೆ ಗೋಡೆ ಸುರಕ್ಷಿತವೆಂದು ನಂಬಬೇಡಿ. ನಡುಮನೆಯ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಮೇನ್ ಬೋರ್ಡಿನಲ್ಲಿ ಬಿಡಿಸಿ ಟೇಪು ಸುತ್ತಿಸಿ, ಇನ್ವರ್ಟರ್ ಲೈನನ್ನೂ ಅಲ್ಲಿಂದ ಬೇರ್ಪಡಿಸಿ. ಆಮೇಲೆ ಆರ್‌ಸಿಸಿಬಿ ಬೀಳದೆ ನಿಂತರೆ, ಮೆಗ್ಗರ್‌ನಲ್ಲಿ ಸರಿಯಿರುವ ಕೋಣೆಗಳನ್ನು ಬಳಸಬಹುದು. ನೀರು ಮೀಟರ್ ಬೋರ್ಡಿಗೂ ಇಳಿದಿದ್ದರೆ ಅದನ್ನು ಮುಟ್ಟದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ.