ಸೆಕೆಗಾಲದಲ್ಲಿ ಕ್ರೀಡಾ ಕುದುರೆಯ ಆರೈಕೆ: ‘ಆರಿಸು’, ‘ತಣಿಸು’, ‘ಮೈಕಾವು’ ಮುಂತಾದ ಪದಗಳ ಕುರಿತು

ಮಾನ್ಯರೇ,

ಬೇಸಿಗೆಯಲ್ಲಿ ಕ್ರೀಡಾ ಕುದುರೆಗಳಿಗೆ ಎಷ್ಟು ಕೆಲಸ ಕೊಡಬೇಕು, ಕೆಲಸ ಮುಗಿದ ಮೇಲೆ ಅವುಗಳ ಮೈಯನ್ನು ಹೇಗೆ ತಂಪು ಮಾಡಬೇಕು ಎಂಬುದನ್ನು ವಿವರಿಸುವ ಚಿಕ್ಕ ಕೈಪಿಡಿಯೊಂದನ್ನು ಲಾಯದಲ್ಲಿ ದುಡಿಯುವವರಿಗಾಗಿ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ತರಬೇತುದಾರರೂ ಪಶುವೈದ್ಯರೂ ಬಂದು ಹೋಗುವವರು. ದಿನವಿಡೀ ಕುದುರೆಯ ಪಕ್ಕದಲ್ಲಿರುವವರು ಅದನ್ನು ನೋಡಿಕೊಳ್ಳುವ ಆಳುಗಳಾದ ಸೈಸ್‌ಗಳು. ಕುದುರೆ ಸೋಲುತ್ತಿದೆಯೆಂಬುದು ಮೊದಲು ಕಾಣುವುದು ಅವರ ಕಣ್ಣಿಗೆ, ಮೊದಲ ಬಕೆಟ್ ನೀರು ಎತ್ತಬೇಕಾದದ್ದೂ ಅವರೇ. ಆದುದರಿಂದ ಇಲ್ಲಿನ ಪದಗಳು ಕೇಳಿದೊಡನೆ ಸರಿಯಾದ ಕೆಲಸವನ್ನು ಸೂಚಿಸುವಂತಿರಬೇಕು. ಜೀನು, ಲಗಾಮು, ರಿಕಾಪು, ಲಾಳ, ಗೊರಸು, ನಾಗಾಲೋಟ ಇಂಥ ಪದಗಳ ವಿಷಯದಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ. ತೊಡಕಿರುವುದು ಬಿಸಿ ಮತ್ತು ತಂಪಿಗೆ ಸಂಬಂಧಿಸಿದ ಪದಗಳಲ್ಲಿ. ಅವು ಕನ್ನಡದಲ್ಲಿ ಬೇಕಾದಷ್ಟಿವೆ, ಆದರೆ ಯಾವುದನ್ನು ಎಲ್ಲಿ ಇಡಬೇಕೆಂಬುದು ಸುಲಭವಾಗಿ ತೀರ್ಮಾನವಾಗುತ್ತಿಲ್ಲ.

ಮೊದಲನೆಯದು, ಮೈಯ ಬಿಸಿ ಮಿತಿಮೀರಿದ ಸ್ಥಿತಿಯ ಹೆಸರು. ಪತ್ರಿಕೆಗಳಲ್ಲಿ ‘ಬಿಸಿಲಾಘಾತ’, ‘ಉಷ್ಣಾಘಾತ’ ಎಂಬ ರೂಪಗಳು ಕಾಣುತ್ತವೆ. ಆದರೆ ದುಡಿಯುವ ಕುದುರೆಯ ಮಟ್ಟಿಗೆ ಬಿಸಿಲು ಅರ್ಧ ಕಾರಣವೂ ಆಗಿರಬೇಕಿಲ್ಲ. ಅದರ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸರಿಸುಮಾರು ನಾಲ್ಕನೆಯ ಅಥವಾ ಐದನೆಯ ಒಂದು ಭಾಗ ಮಾತ್ರ ಓಟವಾಗಿ ಹೊರಬರುತ್ತದೆ. ಉಳಿದದ್ದೆಲ್ಲ ಮೈಯೊಳಗೇ ಶಾಖವಾಗುತ್ತದೆ. ಸುಮಾರು 500 ಕಿಲೋಗ್ರಾಂ ತೂಗುವ ಪ್ರಾಣಿಗೆ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ನಮಗಿಂತ ಬಹಳ ಕಡಿಮೆ, ಹಾಗಾಗಿ ಒಳಗೆ ಹುಟ್ಟಿದ ಶಾಖ ಹೊರಹೋಗುವ ದಾರಿಯೂ ಕಿರಿದು. ಮೋಡ ಕವಿದ, ಗಾಳಿಯಾಡದ ಮುಂಜಾನೆಯಲ್ಲಿಯೂ ಕುದುರೆಯೊಂದು ಈ ಸ್ಥಿತಿಗೆ ತಲುಪಬಹುದು. ‘ಬಿಸಿಲಾಘಾತ’ ಎಂದು ಬರೆದರೆ ಓದಿದವರು ಕುದುರೆಯನ್ನು ನೆರಳಿಗೆ ಕಟ್ಟಿ, ಕೆಲಸ ಮುಗಿಯಿತೆಂದು ಭಾವಿಸುವ ಸಾಧ್ಯತೆಯಿದೆ. ನೆರಳು ಬೇಕು, ಆದರೆ ನೆರಳೊಂದೇ ಸಾಲದು.

‘ಉಷ್ಣ’ದ ತೊಡಕು ಬೇರೆ ಬಗೆಯದು. ನಮ್ಮ ಮನೆಗಳಲ್ಲಿ ಉಷ್ಣವೆಂದರೆ ಆಹಾರದ ಗುಣ. ‘ಮೈಗೆ ಉಷ್ಣವಾಗಿದೆ’ ಎಂದರೆ ಬಾಯಿಹುಣ್ಣು, ಕಣ್ಣುರಿ, ಅದಕ್ಕೆ ಮಜ್ಜಿಗೆ, ಎಳನೀರು, ಹೆಸರುಬೇಳೆ. ಕುದುರೆಯ ವಿಷಯದಲ್ಲಿ ಈ ಮಾತು ನೇರವಾಗಿ ಹುರುಳಿಯ ಕಡೆಗೆ ತಿರುಗುತ್ತದೆ, ಏಕೆಂದರೆ ಹುರುಳಿ ಉಷ್ಣ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಪ್ರೋಟೀನ್ ಹೆಚ್ಚಾದ ಮೇವು ಜೀರ್ಣವಾಗುವಾಗ ಹೆಚ್ಚು ಶಾಖ ಹುಟ್ಟುವುದು ನಿಜವಾದ್ದರಿಂದ ಬೇಸಿಗೆಯಲ್ಲಿ ಹುರುಳಿಯನ್ನು ತಗ್ಗಿಸುವ ರೂಢಿಯಲ್ಲಿ ವಿವೇಕವಿದೆ, ಅದನ್ನು ಅಲ್ಲಗಳೆಯಲು ನಾನು ಬಯಸುವುದಿಲ್ಲ. ಆದರೆ ಏದುಸಿರು ಬಿಡುತ್ತಾ ತೂರಾಡುತ್ತಿರುವ ಕುದುರೆಗೆ ‘ಉಷ್ಣ’ವಾಗಿದೆ ಎಂದರೆ, ಈ ಕ್ಷಣವೇ ನೀರು ಸುರಿಯಬೇಕಾದ ಕೈ ನಾಳೆಯ ಮೇವನ್ನು ಯೋಚಿಸತೊಡಗುತ್ತದೆ. ‘ಹೀಟ್’ ಎಂಬ ಎರವಲು ಪದವೂ ಇಲ್ಲಿ ಕೆಲಸಕ್ಕೆ ಬಾರದು. ಹೈನುಗಾರಿಕೆ ಇರುವ ಊರುಗಳಲ್ಲೆಲ್ಲ ‘ಹೀಟಿಗೆ ಬಂದಿದೆ’ ಎಂದರೆ ಬೆದೆಗೆ ಬಂದಿದೆ ಎಂದೇ ಅರ್ಥ. ‘ಜ್ವರ’ ಎನ್ನುವಂತೆಯೂ ಇಲ್ಲ, ಏಕೆಂದರೆ ಇದು ಸೋಂಕಿನಿಂದ ಏರಿದ ಬಿಸಿಯಲ್ಲ, ಜ್ವರದ ಔಷಧದಿಂದ ಇಳಿಯುವಂಥದೂ ಅಲ್ಲ.

ಇದಕ್ಕೆ ‘ಮೈಕಾವು’ ಎಂಬ ಪದವನ್ನು ಬಳಸಬಹುದೆಂದು ನನಗೆ ತೋರುತ್ತದೆ. ಕಾವು ಒಳಗಿನಿಂದ ಏರುವಂಥದು, ಏರಿದ್ದು ಇಳಿಯುವಂಥದು. ಮೈಕಾವು ಏರಿದೆ, ಮೈಕಾವಿಗೆ ಬಳಲಿದೆ, ಕಾವು ತಲೆಗೇರಿದೆ ಎಂದು ಮೂರು ಹಂತಗಳನ್ನು ಹೇಳಲೂ ಅದು ಒದಗುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆಯ ಮೈಕಾವು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಕಠಿಣ ಕೆಲಸದ ನಂತರ 40 ಡಿಗ್ರಿ ದಾಟುವುದು ಅಪರೂಪವಲ್ಲ. 41ರ ಆಸುಪಾಸಿಗೆ ಬಂದರೆ ಒಂದು ನಿಮಿಷವನ್ನೂ ಕಳೆಯದೆ ತಂಪು ಮಾಡಬೇಕು. ಓಟ ನಿಂತ ಮೇಲೂ ಕೆಲವು ನಿಮಿಷಗಳವರೆಗೆ ಗುದದ್ವಾರದಲ್ಲಿ ಅಳೆದ ಅಂಕಿ ಏರುತ್ತಲೇ ಹೋಗಬಹುದು, ಸ್ನಾಯುಗಳಲ್ಲಿ ಸೇರಿಕೊಂಡಿದ್ದ ಶಾಖ ರಕ್ತದೊಡನೆ ಮೈಯೆಲ್ಲ ಹರಡುವುದೇ ಅದಕ್ಕೆ ಕಾರಣ. ‘ತಲೆಗೇರು’ ಎಂಬುದು ಸೊಕ್ಕು, ಪಿತ್ತ, ಅಮಲಿನ ಸಂದರ್ಭಗಳಲ್ಲಿ ಬರುವ ಮಾತಾದ್ದರಿಂದ, ಹೆಜ್ಜೆ ತಪ್ಪಿ ಕಣ್ಣಿನ ಎಚ್ಚರ ಕಳೆದುಕೊಂಡ ಕುದುರೆಯನ್ನು ಅದು ಚೆನ್ನಾಗಿಯೇ ಚಿತ್ರಿಸುತ್ತದೆ. ಈ ಪತ್ರವನ್ನು ಓದುವವರಿಗೆ ಇದು ಒಪ್ಪಿಗೆಯೇ ಎಂದು ತಿಳಿಯಬಯಸುತ್ತೇನೆ.

ಎರಡನೆಯದು, ಹೊರಗಿನ ಹವೆಯ ಅಳತೆ. ಕುದುರೆ ಸವಾರಿ ಸ್ಪರ್ಧೆಗಳಲ್ಲಿ ಬರಿಯ ತಾಪಮಾನವನ್ನು ನೋಡುವುದಿಲ್ಲ. ‘ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್’ ಎಂಬ ಸೂಚಿಯನ್ನು ಬಳಸುತ್ತಾರೆ. ಬಯಲಿನಲ್ಲಿ ಇದನ್ನು ಲೆಕ್ಕ ಹಾಕುವಾಗ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಗೆ ಶೇ. 70, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ಅಂಕಿಗೆ ಶೇ. 20, ಸಾಮಾನ್ಯ ಗಾಳಿಯ ತಾಪಮಾನಕ್ಕೆ ಕೇವಲ ಶೇ. 10 ಪಾಲು ಕೊಡುತ್ತಾರೆ. ಹವೆಯಲ್ಲಿ ತೇವ ಹೆಚ್ಚಿದ್ದು ಗಾಳಿ ಆಡದಿದ್ದರೆ ಬೆವರು ಆವಿಯಾಗುವುದಿಲ್ಲ ಎಂಬ ಸತ್ಯಕ್ಕೆ ಇಲ್ಲಿ ಸಿಂಹಪಾಲು ಸಿಕ್ಕಿದೆ. ಇದಕ್ಕೆ ಸರಿಹೊಂದುವ ಅನುಭವವನ್ನು ಕನ್ನಡ ಒಂದೇ ಪದದಲ್ಲಿ ಇಟ್ಟುಕೊಂಡಿದೆ: ‘ಸೆಕೆ’. ಕರಾವಳಿಯವರು ಬಿಸಿಲಿಗೂ ಸೆಕೆಗೂ ಇರುವ ವ್ಯತ್ಯಾಸವನ್ನು ದಿನವೂ ಮಾತಿನಲ್ಲಿ ಕಾಯ್ದುಕೊಂಡಿದ್ದಾರೆ. ಮಳೆಗೆ ಮುಂಚಿನ ಮೋಡದ ದಿನ ಬಿಸಿಲಿರುವುದಿಲ್ಲ, ಸೆಕೆ ಮಾತ್ರ ತಡೆಯಲಾಗುವುದಿಲ್ಲ. ರಾಯಚೂರು, ಕಲಬುರಗಿಯ ಒಣ ಬಿಸಿಗೆ ‘ಧಗೆ’, ‘ಝಳ’ ಎಂಬ ಪದಗಳೇ ಹೆಚ್ಚು ಒಪ್ಪುತ್ತವೆ. ಆದ್ದರಿಂದ ಆ ಸೂಚಿಗೆ ‘ಸೆಕೆಮಾನ’ ಎಂಬ ಹೆಸರನ್ನು ಸೂಚಿಸುತ್ತಿದ್ದೇನೆ. ಬೆಂಗಳೂರಿನ ಈಗಿನ ಬಳಕೆಯಲ್ಲಿ ಎಲ್ಲ ಬಗೆಯ ಬಿಸಿಗೂ ಸೆಕೆಯೆನ್ನುವ ರೂಢಿ ಬೆಳೆದಿರುವುದರಿಂದ ಈ ಸೂಕ್ಷ್ಮ ಉಳಿಯುವುದೇ ಎಂಬ ಅನುಮಾನವೂ ನನಗಿದೆ.

ಈ ಸೂಚಿ ಕುದುರೆಗಳ ಲೋಕಕ್ಕೆ ಬಂದದ್ದಕ್ಕೆ ಒಂದು ಹಿನ್ನೆಲೆಯಿದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ, ಶಿಸ್ತಿನ ನಡೆ, ಬಯಲೋಟ, ಜಿಗಿತ ಮೂರೂ ಸೇರಿದ ಈವೆಂಟಿಂಗ್ ಸ್ಪರ್ಧೆಯಲ್ಲಿ ಕುದುರೆಗಳು ಬಿಸಿಗೆ ಬಳಲಿದ್ದು ಕಳವಳ ಹುಟ್ಟಿಸಿತು. ಮುಂದಿನ ಕೂಟ ಅಟ್ಲಾಂಟಾದ ಇನ್ನೂ ಹೆಚ್ಚಿನ ಸೆಕೆಯಲ್ಲಿ ನಡೆಯಬೇಕಿದ್ದುದರಿಂದ ಸಂಶೋಧನೆಗಳು ನಡೆದವು. 1996ರಲ್ಲಿ ಅಟ್ಲಾಂಟಾದಲ್ಲಿ ಸೆಕೆಮಾನವನ್ನು ಗಮನಿಸುತ್ತಾ, ಕುದುರೆಗಳಿಗೆ ಹೆಚ್ಚುವರಿ ವಿರಾಮ ಕೊಟ್ಟು, ತುಂತುರು ಹನಿ ಸಿಡಿಸುವ ಫ್ಯಾನುಗಳನ್ನಿಟ್ಟು ಸ್ಪರ್ಧೆ ನಡೆಸಿದರು. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಕ್ರಾಸ್‌ಕಂಟ್ರಿ ಎಂಬ ಬಯಲೋಟವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಂಡಿದ್ದರು. ಬೆಂಗಳೂರಿನ ಸವಾರ ಫೌಆದ್ ಮಿರ್ಜಾ ಅವರು ಸೆನ್ಯೋರ್ ಮೆಡಿಕಾಟ್ ಕುದುರೆಯೊಡನೆ 23ನೆಯ ಸ್ಥಾನ ಪಡೆದದ್ದು ಆ ಕೂಟದಲ್ಲಿಯೇ.

ಇನ್ನು ಕೆಲಸದ ಪ್ರಮಾಣದ ಮಾತು. ‘ಕೆಲಸದ ಹೊರೆ’ ಎಂಬುದು ಕಚೇರಿಗೆ ಸಲ್ಲುತ್ತದೆ, ಕುದುರೆಗೆ ಸಲ್ಲದು. ಹೊರೆಯೆಂದರೆ ಅದರ ಬೆನ್ನ ಮೇಲಿನ ತೂಕವೆಂದೇ ಓದುಗರು ತಿಳಿಯುತ್ತಾರೆ. ‘ದುಡಿತ’ ಎಂದು ಬರೆದು, ದುಡಿತದ ಹೊತ್ತು, ದುಡಿತದ ಬಿರುಸು ಎಂದು ಬೇರ್ಪಡಿಸಿದ್ದೇನೆ. ಸೆಕೆ ಏರಿದ ದಿನ ಇವೆರಡರಲ್ಲಿ ಮೊದಲು ತಗ್ಗಬೇಕಾದದ್ದು ಬಿರುಸು, ಏಕೆಂದರೆ ಅರ್ಧ ಗಂಟೆಯ ನಡಿಗೆಗಿಂತ ಕೆಲವೇ ನಿಮಿಷಗಳ ನಾಗಾಲೋಟ ಮೈಕಾವನ್ನು ಬೇಗ ಏರಿಸುತ್ತದೆ.

ಹೊಸ ಹವೆಗೆ ಕುದುರೆಯನ್ನು ಹೊಂದಿಸುವುದಕ್ಕೆ ‘ಒಗ್ಗಿಸು’ ಎಂಬುದನ್ನು ಆರಿಸಿಕೊಂಡೆ. ‘ಆ ಊರಿನ ಹವೆ ಒಗ್ಗಲಿಲ್ಲ’ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ‘ಪಳಗಿಸು’ ಎಂದರೆ ಕಾಡುತನ ಬಿಡಿಸುವುದು, ಅದು ಬೇರೆ. ಆದರೆ ‘ಒಗ್ಗು’ ಎಂಬುದರಲ್ಲಿ ತಾನಾಗಿಯೇ ಆಗುವ, ಆಗದಿದ್ದರೆ ಊರು ಬಿಡಬೇಕಾದ ಧ್ವನಿಯಿದೆ. ಕುದುರೆಯ ವಿಷಯದಲ್ಲಿ ಇದು ಸುಮಾರು ಎರಡು ವಾರಗಳ, ಉದ್ದೇಶಪೂರ್ವಕವಾದ ಕೆಲಸ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಹವೆಯಲ್ಲಿ ಬೆಳೆದ ಕುದುರೆಯನ್ನು ಚೆನ್ನೈಗೋ ಮುಂಬೈಗೋ ಕರೆದೊಯ್ದರೆ ಮೊದಲ ಕೆಲವು ದಿನ ಹಗುರ ದುಡಿತ ಕೊಟ್ಟು, ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಸದಾ ತಂಪು ಹೊತ್ತಿನಲ್ಲಿಯೇ ಓಡಿಸಿದ ಕುದುರೆ ಸೆಕೆಗೆ ಒಗ್ಗುವುದಿಲ್ಲವಾದ್ದರಿಂದ, ಅಳತೆ ಮೀರದಂತೆ ಸೆಕೆಯಲ್ಲಿಯೂ ಒಂದಿಷ್ಟು ದುಡಿಸಬೇಕಾಗುತ್ತದೆ. ‘ಒಗ್ಗಿಸು’ ಎಂಬ ಪ್ರೇರಣಾರ್ಥಕ ರೂಪ ಈ ಯೋಜಿತ ಶ್ರಮವನ್ನು ಹೊರುವುದೆಂದು ನಂಬಿದ್ದೇನೆ.

ನನ್ನ ಮುಖ್ಯ ಪ್ರಶ್ನೆ ‘ಆರಿಸು’ ಮತ್ತು ‘ತಣಿಸು’ ಕುರಿತದ್ದು. ಹಳಗನ್ನಡದಲ್ಲಿ ಶಕಟರೇಫೆಯೊಡನೆ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದೊಡನೆ) ಬರೆಯುತ್ತಿದ್ದ ‘ಆರು’ ಎಂಬ ಕ್ರಿಯಾಪದ ಹಾಲು ಆರುವುದಕ್ಕೂ ಬಟ್ಟೆ ಆರುವುದಕ್ಕೂ ಒಂದೇ. ಬಿಸಿ ಇಳಿಯುವುದು, ತೇವ ಹೋಗುವುದು ಎರಡನ್ನೂ ಅದು ಹೇಳುತ್ತದೆ. ದಣಿವಾರಿಸು, ಬಾಯಾರು ಎಂಬ ಸಮಾಸಗಳಲ್ಲಿಯೂ ಇರುವುದು ಅದೇ. ಬೆವರು ಆರುವಾಗಲೇ ಮೈ ಆರುತ್ತದೆ ಎಂಬ ಭೌತಿಕ ಸತ್ಯ ಈ ಒಂದು ಪದದಲ್ಲಿಯೇ ಅಡಗಿರುವುದು ನನಗೆ ಬಹಳ ಸಂತೋಷ ಕೊಟ್ಟಿತು. ಆದರೆ ಸೂಚನೆ ಬರೆಯುವಾಗ ಇದೇ ಗುಣ ಅಡ್ಡಿಯಾಗುತ್ತದೆ. ‘ಕುದುರೆಯ ಮೈ ಆರಿಸಿ’ ಎಂದು ಬರೆದರೆ ಕೆಲವರು ಅದನ್ನು ಬೆವರು ಒಣಗುವವರೆಗೆ ನಿಧಾನವಾಗಿ ನಡೆಸುವುದು ಎಂದೂ, ಕೆಲವರು ಬಟ್ಟೆಯಿಂದ ಒರೆಸಿ ಒಣಗಿಸುವುದು ಎಂದೂ ತಿಳಿಯುತ್ತಾರೆ. ನೀರು ಸುರಿಯಬೇಕೆಂಬ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಮೈಕಾವು ಏರಿದ ಕುದುರೆಗೆ ಬೇಕಾದದ್ದು ಅದೇ: ಕುತ್ತಿಗೆ, ಎದೆ, ಹೊಟ್ಟೆ, ಬೆನ್ನು, ತೊಡೆ ಎನ್ನದೆ ಮೈಯೆಲ್ಲ ತಣ್ಣೀರನ್ನು ಬಿಡದೆ ಸುರಿಯುತ್ತಿರುವುದು. ಒಂದು ಬಕೆಟ್ ಹಾಕಿ, ಮೈಮೇಲಿನ ನೀರು, ಬೆವರು ಬಳಿಯುವ ಬೆವರುಗೋಲಿನಿಂದ ಬಳಿದು, ಮತ್ತೆ ಹಾಕುವ ಹಳೆಯ ಕ್ರಮದಲ್ಲಿ ಬಳಿಯುವ ಹೊತ್ತು ವ್ಯರ್ಥ. ಆ ಹೊತ್ತಿನಲ್ಲಿ ಮುಂದಿನ ಬಕೆಟ್ ಸುರಿಯಬಹುದು.

ಬಿಸಿಯಾದ ಮೈಗೆ ತಣ್ಣೀರು ಸೋಕಿಸಿದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಭಯ ಲಾಯಗಳಲ್ಲಿ ಆಳವಾಗಿ ಬೇರೂರಿದೆ. ಬಿಸಿಲಿನಿಂದ ಬಂದವರು ಕೂಡಲೇ ತಣ್ಣೀರು ಕುಡಿಯಬಾರದೆಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದ ನಮಗೆ ಈ ಭಯ ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಅಟ್ಲಾಂಟಾ ಕೂಟಕ್ಕೆ ಮುನ್ನ ನಡೆದ ಪ್ರಯೋಗಗಳು ಅದಕ್ಕೆ ಆಧಾರವಿಲ್ಲವೆಂದು ತೋರಿಸಿದವು. ಹೀಗಾಗಿ ನೀರಿನಿಂದ ಕಾವಿಳಿಸುವುದಕ್ಕೆ ‘ತಣಿಸು’ ಎಂದೂ, ಕೆಲಸ ಮುಗಿದ ಮೇಲೆ ನಡೆಸಿ ಉಸಿರನ್ನೂ ಎದೆಬಡಿತವನ್ನೂ ತಹಬಂದಿಗೆ ತರುವುದಕ್ಕೆ ‘ದಣಿವಾರಿಸು’ ಎಂದೂ ಬೇರೆ ಮಾಡಿ, ‘ಆರಿಸು’ ಎಂಬ ಒಂಟಿ ಪದವನ್ನು ಕೈಪಿಡಿಯಿಂದ ಪೂರ್ತಿಯಾಗಿ ಬಿಟ್ಟಿದ್ದೇನೆ. ‘ತಣಿಸು’ ಎಂಬುದಕ್ಕೆ ತೃಪ್ತಿಪಡಿಸು ಎಂಬ ಅರ್ಥವೂ ಇರುವುದು ಇಲ್ಲಿ ತೊಂದರೆ ಕೊಡುವುದಿಲ್ಲವಷ್ಟೆ?

‘ಬಾಯಾರಿಕೆ’ಯ ವಿಷಯದಲ್ಲಿಯೂ ಎಚ್ಚರ ಬೇಕಾಯಿತು. ನಮ್ಮ ಬೆವರಿನಲ್ಲಿ ಉಪ್ಪು ರಕ್ತಕ್ಕಿಂತ ಕಡಿಮೆ; ಕುದುರೆಯ ಬೆವರಿನಲ್ಲಿ ಅದು ರಕ್ತದಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಬಿರುಸಿನ ದುಡಿತದಲ್ಲಿ ಅದು ಗಂಟೆಗೆ 10ರಿಂದ 15 ಲೀಟರಿನವರೆಗೂ ಬೆವರಬಲ್ಲದು. ನೀರಿನೊಡನೆ ಉಪ್ಪೂ ಹೋಗಿಬಿಡುವುದರಿಂದ ರಕ್ತ ಉಪ್ಪಾಗುವುದಿಲ್ಲ, ಮೆದುಳಿಗೆ ಬಾಯಾರಿಕೆಯ ಸೂಚನೆ ಮುಟ್ಟುವುದಿಲ್ಲ, ನೀರಡಿಸಬೇಕಾದ ಕುದುರೆ ತೊಟ್ಟಿಯ ಮುಂದೆ ಸುಮ್ಮನೆ ನಿಲ್ಲುತ್ತದೆ. ‘ಬಾಯಾರಿದಾಗ ನೀರು ಕುಡಿಸಿ’ ಎಂಬ ವಾಕ್ಯವನ್ನು ಹೊಡೆದುಹಾಕಿ ‘ನೀರು ಸದಾ ಮುಂದಿರಲಿ, ಕಳೆದುಹೋದ ಉಪ್ಪನ್ನು ಮೇವಿನಲ್ಲಿ ಸೇರಿಸಿ’ ಎಂದು ಬರೆದೆ. ಇಲ್ಲಿ ‘ಲವಣ’ಕ್ಕಿಂತ ‘ಉಪ್ಪು’ ಮೇಲು, ಅದರ ಬಹುಭಾಗ ಅಡುಗೆಮನೆಯ ಉಪ್ಪೇ ಆಗಿರುವುದರಿಂದ.

ಕೊನೆಯದಾಗಿ, ಬೆವರುವ ಶಕ್ತಿಯನ್ನೇ ಕುದುರೆ ಕಳೆದುಕೊಳ್ಳುವ ಕಾಯಿಲೆ. ತಂಪು ನಾಡುಗಳಿಂದ ಭಾರತಕ್ಕೆ ತಂದ ಕುದುರೆಗಳಲ್ಲಿ ಬ್ರಿಟಿಷರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು, ಇಂಗ್ಲಿಷಿನಲ್ಲಿ ಒಣ ಮೈ ಎಂಬರ್ಥದ ಹೆಸರೂ ಅದಕ್ಕಿದೆ. ದುಡಿದು ಬಂದರೂ ಮೈ ಒಣಗಿಯೇ ಇರುತ್ತದೆ, ಮೂಗಿನ ಹೊಳ್ಳೆಗಳು ಅರಳಿರುತ್ತವೆ, ಉಸಿರು ಬಿರುಸಾಗಿಯೇ ಇರುತ್ತದೆ. ‘ಬೆವರು ನಿಂತಿದೆ’ ಎಂದು ಬರೆದರೆ ಅದು ಕೆಲಸದ ನಂತರದ ಒಳ್ಳೆಯ ಲಕ್ಷಣವೆಂದು ತೋರುತ್ತದೆ. ಮೂತ್ರ ಕಟ್ಟುವುದು, ಮೂಗು ಕಟ್ಟುವುದು ಎನ್ನುವಂತೆ ‘ಬೆವರು ಕಟ್ಟುವುದು’ ಎಂದರೆ ಹೊರಬರಬೇಕಾದದ್ದು ಬರುತ್ತಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮೈಸೂರಿನ ಜಟಕಾ ಮನೆತನಗಳಲ್ಲಿ, ಅಲ್ಲಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ, ಕುಣಿಗಲ್ಲಿನ ಕುದುರೆ ಫಾರಂನ ಸುತ್ತಮುತ್ತ, ಅಥವಾ ಎತ್ತುಗಳನ್ನು ಹೂಡುವವರ ಮಾತಿನಲ್ಲಿ ಈ ಸ್ಥಿತಿಗೆ ಬೇರೆ ಪದವಿದ್ದರೆ ನನ್ನದನ್ನು ಬಿಟ್ಟು ಅದನ್ನೇ ಇಟ್ಟುಕೊಳ್ಳುತ್ತೇನೆ. ದಯವಿಟ್ಟು ಪದದೊಡನೆ ಊರಿನ ಹೆಸರನ್ನೂ, ಅದನ್ನು ಆಡುವ ಪೂರ್ತಿ ವಾಕ್ಯವನ್ನೂ ಬರೆದು ತಿಳಿಸಿ.