ಕೀಮೋಥೆರಪಿಯ ನಡುವೆ ರೇಖಿ: ಆಯಿಗೆ ಎಷ್ಟರವರೆಗೆ ಬಿಡಬಹುದು?

ಪ್ರಶ್ನೆ: ಶಿರಸಿ ಸೀಮೆಯವನು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. 61 ವರ್ಷದ ನಮ್ಮ ಆಯಿಗೆ (ತಾಯಿಗೆ) ಎಡ ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆಗಿ, ಈಗ ಹುಬ್ಬಳ್ಳಿಯಲ್ಲಿ ಕೀಮೋ ನಡೆಯುತ್ತಿದೆ. ಆರು ಸುತ್ತುಗಳಲ್ಲಿ ಮೂರು ಮುಗಿದಿವೆ. ಮೂರು ವಾರಕ್ಕೊಮ್ಮೆ ನಸುಕಿಗೆ ಹೊರಟು, ಹೋಗಿ ಬರುವ ಇನ್ನೂರು ಕಿಲೋಮೀಟರಿನಷ್ಟು ದಾರಿ ಮುಗಿಸಿ ರಾತ್ರಿ ಮನೆ ಸೇರುವ ಹೊತ್ತಿಗೆ ಅವಳಲ್ಲಿ ಮಾತನಾಡುವ ತ್ರಾಣವೂ ಉಳಿದಿರುವುದಿಲ್ಲ.

ಎರಡನೆಯ ಸುತ್ತಿನ ನಂತರ ಅವಳಿಗೆ ನಿದ್ದೆಯೇ ಹತ್ತದಂತಾದಾಗ, ಅಕ್ಕ ಅವಳನ್ನು ಪೇಟೆಯಲ್ಲಿ ರೇಖಿ, ಅಂದರೆ ಅಂಗೈಗಳ ಮೂಲಕ ಶಕ್ತಿ ಹರಿಸುತ್ತೇವೆ ಎನ್ನುವ ಚಿಕಿತ್ಸೆ, ಕೊಡುವ ಒಬ್ಬರ ಬಳಿಗೆ ಕರೆದುಕೊಂಡು ಹೋದಳು. ಮಲಗಿಸಿ, ತಲೆ, ಭುಜ, ಹೊಟ್ಟೆ, ಪಾದಗಳ ಮೇಲೆ ಅಂಗೈಗಳನ್ನು ಹಗುರವಾಗಿ ಇಟ್ಟು ಒಂದು ತಾಸು ಕುಳಿತಿದ್ದರಂತೆ. ಅಂದು ರಾತ್ರಿ ಆಯಿ ಆರು ತಾಸು ನಿದ್ದೆ ಮಾಡಿದಳು. ನಾನೇ ಕಣ್ಣಾರೆ ಕಂಡದ್ದರಿಂದ ಅದನ್ನು ಸುಳ್ಳೆನ್ನಲಾರೆ.

ತೊಡಕು ಬಂದದ್ದು ಈಚೆಗೆ. ಇಪ್ಪತ್ತೊಂದು ದಿನ ಬಿಡದೆ ಬರಬೇಕು, ನಡುವೆ ಜ್ವರ ಅಥವಾ ವಾಂತಿ ಆದರೆ ಅದು ಮೈಯೊಳಗಿನ ವಿಷ ಹೊರಹೋಗುವ ಲಕ್ಷಣ, ಹೆದರಬಾರದು ಎಂದು ಅವರು ಹೇಳಿದ್ದಾರೆ. ರೇಖಿಯ ಶಕ್ತಿಯ ಹರಿವಿಗೆ ಕೀಮೋ ಅಡ್ಡಿಯಾಗುವುದರಿಂದ ನಾಲ್ಕನೆಯ ಸುತ್ತನ್ನು ಒಂದು ತಿಂಗಳು ಮುಂದಕ್ಕೆ ಹಾಕಿ ನೋಡೋಣ ಎಂದೂ ಹೇಳಿದ್ದಾರೆ. ಕೀಮೋ ಎಂದರೆ ನಡುಗುವ ಆಯಿಗೆ ಈ ಮಾತು ಬಹಳ ಹಿಡಿಸಿದೆ. ರೇಖಿಯನ್ನೇ ನಿಲ್ಲಿಸಿದರೆ ಅವಳಿಗೆ ಸಿಕ್ಕಿರುವ ಒಂದು ನೆಮ್ಮದಿಯನ್ನು ಕಸಿದಂತೆ; ನಿಲ್ಲಿಸದಿದ್ದರೆ ಕೀಮೋ ತಪ್ಪುವ ಭಯ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಕುಮಟಾದ ನಿವೃತ್ತ ಸ್ಟಾಫ್ ನರ್ಸ್

ಜಿಲ್ಲೆಯ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು. ರೇಖಿಯ ಮೊದಲ ಎರಡು ಹಂತಗಳ ದೀಕ್ಷೆಯನ್ನೂ ಪಡೆದಿದ್ದೇನೆ. ಉಳಿದ ಮಾತೆಲ್ಲ ಆಮೇಲೆ, ಮೊದಲು ಜ್ವರದ ವಿಷಯ.

ಕೀಮೋ ಆದ ಬಳಿಕ ರಕ್ತದ ಬಿಳಿಕಣಗಳು ಇಳಿಯುತ್ತವೆ. ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ ಅವು ತೀರ ಕೆಳಮಟ್ಟದಲ್ಲಿರುತ್ತವೆ. ಕೀವು, ಬಾವು ಆಗಲಿಕ್ಕೂ ಬಿಳಿಕಣಗಳೇ ಬೇಕಾದ್ದರಿಂದ, ಆ ದಿನಗಳಲ್ಲಿ ಸೋಂಕು ತಗಲಿದರೆ ಜ್ವರದ ಹೊರತು ಬೇರೆ ಸುಳಿವೇ ಇಲ್ಲದಿರಬಹುದು. ಕಾವು 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಹೊರಡಬೇಕು. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರವನ್ನು ಮುಚ್ಚಬಾರದು. ಒಳಹಳ್ಳಿಯಿಂದ ಹುಬ್ಬಳ್ಳಿ ತಲುಪುವುದಕ್ಕೆ ತಾಸುಗಟ್ಟಲೆ ಬೇಕು, ಆಂಟಿಬಯೋಟಿಕ್ ಅಷ್ಟು ಕಾಯುವಂಥದಲ್ಲ; ಆದ್ದರಿಂದ ಅಂಥ ಹೊತ್ತಿನಲ್ಲಿ ಶಿರಸಿಯಲ್ಲಿ ಮೊದಲು ಎಲ್ಲಿಗೆ ಹೋಗಬೇಕು, ಅಲ್ಲಿ ಏನು ತಿಳಿಸಬೇಕು ಎಂಬುದನ್ನು ಕ್ಯಾನ್ಸರ್ ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ. ವಿಷ ಹೊರಹೋಗುತ್ತದೆ ಎಂಬ ಮಾತನ್ನು ನನಗೂ ದೀಕ್ಷೆಯ ಸಮಯದಲ್ಲಿ ಹೇಳಿದ್ದರು. ಗಟ್ಟಿಮುಟ್ಟಾಗಿರುವವರ ನೆಗಡಿಗೆ ಆ ಮಾತು ಹೇಳಿದರೆ ಹಾನಿಯಿಲ್ಲ. ನಿಮ್ಮ ತಾಯಿಯವರ ಸ್ಥಿತಿಯಲ್ಲಿ ಅದು ಜೀವಕ್ಕೇ ಕುತ್ತು.

ಇನ್ನು ನಿದ್ದೆ. ವಾಂತಿ ತಡೆಯಲು ಕೀಮೋದ ಆಸುಪಾಸಿನ ದಿನಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಕೊಡುವುದುಂಟು, ಸಂಜೆ ನುಂಗಿದರೆ ಅದು ರಾತ್ರಿಯಿಡೀ ಎಚ್ಚರವಿರಿಸುತ್ತದೆ. ಅವರ ಚೀಟಿಯಲ್ಲಿ ಅದು ಇದೆಯೇ, ಯಾವ ಹೊತ್ತಿಗೆ ಬರೆದಿದ್ದಾರೆ ನೋಡಿ.

ಉತ್ತರ: ಹೊನ್ನಾವರದ ಉಪನ್ಯಾಸಕ

ಮೇಲಿನ ಅಕ್ಕನವರು ಹೇಳಿದ ಜ್ವರದ ಮಾತಿಗೆ ನಾನು ಸೇರಿಸುವುದೇನೂ ಇಲ್ಲ. ರೇಖಿ ಏನು, ಅದನ್ನು ಪರೀಕ್ಷಿಸಿದಾಗ ಏನು ಕಂಡಿತು ಎಂಬುದನ್ನು ಬರೆಯುತ್ತೇನೆ, ಏಕೆಂದರೆ ನಿಮ್ಮ ತಾಯಿಯವರೊಂದಿಗೆ ಮಾತನಾಡುವಾಗ ಅದು ಕೆಲಸಕ್ಕೆ ಬರಬಹುದು.

ನಮ್ಮಲ್ಲಿ ಅನೇಕರು ಇದನ್ನು ನಮ್ಮ ಋಷಿಗಳ ವಿದ್ಯೆ ಎಂದು ತಿಳಿದಿದ್ದಾರೆ. ಇದು ಜಪಾನಿನ ಮಿಕಾವೊ ಉಸುಯಿ (1865–1926) ಅವರು 1922ರಲ್ಲಿ ಆರಂಭಿಸಿದ ಪದ್ಧತಿ. ಕ್ಯೋಟೊ ಬಳಿಯ ಕುರಾಮ ಬೆಟ್ಟದಲ್ಲಿ 21 ದಿನ ಉಪವಾಸವಿದ್ದು ಅವರು ಇದನ್ನು ಕಂಡುಕೊಂಡರೆಂದು ಪರಂಪರೆ ಹೇಳುತ್ತದೆ. ನಿಮಗೆ ಹೇಳಿದ ಇಪ್ಪತ್ತೊಂದರ ಲೆಕ್ಕದ ಹಿಂದೆ ಇರುವುದು ಈ ಉಪವಾಸ, ಯಾವ ರೋಗದ ಅವಧಿಯೂ ಅಲ್ಲ. ಅವರ ಶಿಷ್ಯ, ನೌಕಾಪಡೆಯ ಅಧಿಕಾರಿಯಾಗಿದ್ದ ಚುಜಿರೊ ಹಯಾಶಿ, ಅವರಿಂದ ಕಲಿತ ಹವಾಯಿಯ ಹವಾಯೊ ತಕಾತ ಎಂಬ ಮಹಿಳೆ, ಅವರು 1980ರಲ್ಲಿ ತೀರಿಕೊಳ್ಳುವ ಮುನ್ನ ಸಿದ್ಧಪಡಿಸಿದ 22 ಮಂದಿ ಶಿಕ್ಷಕರು, ಹೀಗೆ ಅದು ಹೊರಜಗತ್ತಿಗೆ ಹರಡಿತು. ರೇಖಿಯವರು ಹೇಳುವ, ನಮ್ಮ ಯೋಗದಿಂದ ಬಂದ ಚಕ್ರಗಳ ಮಾತು ಅದಕ್ಕೆ ಆಮೇಲೆ ಸೇರಿದ್ದು.

ಪರೀಕ್ಷೆಗಳ ಪೈಕಿ ನಿಮಗೆ ತೀರ ಹತ್ತಿರದ್ದೊಂದಿದೆ. ಅಮೆರಿಕದ ಒಂದು ಕೀಮೋ ಕೇಂದ್ರದಲ್ಲಿ 189 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಆರೈಕೆ ಮಾತ್ರ, ಇನ್ನೊಂದಕ್ಕೆ ನಿಜವಾದ ರೇಖಿ, ಮತ್ತೊಂದಕ್ಕೆ ರೇಖಿಯಂತೆಯೇ ಕಾಣುವ ಬರಿಯ ಕೈಯಿಡುವಿಕೆಯನ್ನು ಕೊಟ್ಟರು. ಅದರ ವರದಿ 2011ರಲ್ಲಿ ಪ್ರಕಟವಾಯಿತು. ರೇಖಿ ಪಡೆದವರಿಗೆ ಹಾಯೆನಿಸಿದ್ದು ನಿಜ. ಆದರೆ ಬರಿಯ ಕೈಯಿಡುವಿಕೆ ಪಡೆದವರಿಗೂ ಅಷ್ಟೇ ಹಾಯೆನಿಸಿತು. ಅಂದರೆ ನೆಮ್ಮದಿ ಕೊಟ್ಟದ್ದು, ಒಬ್ಬರು ಪಕ್ಕದಲ್ಲಿ ಕುಳಿತು ತಮಗಾಗಿಯೇ ಹೊತ್ತು ಕೊಟ್ಟದ್ದು. ನಿಮ್ಮ ತಾಯಿಯವರ ಆರು ತಾಸಿನ ನಿದ್ದೆಯನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಅದಕ್ಕೆ ಕೊಟ್ಟ ಕಾರಣವನ್ನು ಮಾತ್ರ ನಂಬುವುದಿಲ್ಲ. ಖಿನ್ನತೆ ಮತ್ತು ಆತಂಕಕ್ಕೆ ರೇಖಿ ಉಪಯುಕ್ತವೇ ಎಂದು 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಪರಿಶೀಲಿಸಿದಾಗ ಸಿಕ್ಕಿದ್ದು ಮೂರೇ ಅಧ್ಯಯನಗಳು, 124 ಜನ. ಹೌದೆನ್ನಲೂ ಅಲ್ಲವೆನ್ನಲೂ ಅಷ್ಟು ಸಾಲದು ಎಂದು ಅವರು ಬರೆದರು. ಗಡ್ಡೆಯನ್ನು ಕರಗಿಸುತ್ತದೆ ಎಂಬುದಕ್ಕಂತೂ ಆಧಾರವೇ ಇಲ್ಲ.

ಮುಂದೂಡುವ ಮಾತಿಗೆ ಉತ್ತರವಾಗಿ ಇನ್ನೊಂದು ಅಧ್ಯಯನ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ, ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಪೂರಕ ಪದ್ಧತಿಗಳನ್ನೂ ಹಿಡಿದ 258 ಕ್ಯಾನ್ಸರ್ ರೋಗಿಗಳನ್ನು ಅವರಂಥದೇ 1,032 ಮಂದಿಯೊಂದಿಗೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಸಾವಿನ ಅಪಾಯ ಎರಡರಷ್ಟಿತ್ತು. ಪೂರಕ ಪದ್ಧತಿ ವಿಷವಾಗಿತ್ತೆಂದಲ್ಲ. ಅವರಲ್ಲಿ ಮೂರರಲ್ಲೊಂದು ಪಾಲು ಜನ ಕೀಮೋವನ್ನು ನಿರಾಕರಿಸಿದ್ದರು, ಎರಡನೆಯ ಗುಂಪಿನಲ್ಲಿ ನಿರಾಕರಿಸಿದವರು ನೂರಕ್ಕೆ ಮೂವರು. ನಿಮ್ಮ ಮನೆಯ ಬಾಗಿಲಲ್ಲಿ ಈಗ ನಿಂತಿರುವುದು ಇದೇ ಪ್ರಶ್ನೆ.

ಉತ್ತರ: ಅಂಕೋಲಾದವನು

ನಮ್ಮ ತಾಲೂಕಿನವರಿಗೆ ಪರ್ಯಾಯ ಚಿಕಿತ್ಸೆ ಹೊಸದಲ್ಲ. ಪಾರ್ಶ್ವವಾಯುವಿಗೆ ಬೆಳಂಬಾರದ ನಾಟಿ ಔಷಧಿಯನ್ನು ಹುಡುಕಿಕೊಂಡು ದೂರದೂರದವರು ಬರುವುದನ್ನು ನೋಡುತ್ತಲೇ ಬೆಳೆದವನು ನಾನು, ಕೈಗುಣದ ಬಗ್ಗೆ ಹಗುರವಾಗಿ ಮಾತನಾಡುವವನಲ್ಲ. ಆದರೂ ಹೇಳಲೇಬೇಕು. ನಮ್ಮ ಭಾವನ ಬಾಯಿಯ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾದ ಮೇಲೂ, ಫೋಟೊ ಇಟ್ಟು ದೂರದಿಂದ ಶಕ್ತಿ ಕಳಿಸುತ್ತೇವೆ ಎಂದವರನ್ನು ನಂಬಿ ನಾಲ್ಕು ತಿಂಗಳು ಕಳೆದೆವು. ಮೊದಲು ಬರೀ ಹುಣ್ಣು ಕೊಯ್ದರೆ ಸಾಕಿತ್ತು. ಕೊನೆಗೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಜೀವ ಉಳಿದಿದೆ. ಅವರು ಇಂದಿಗೂ ಗಂಜಿಯನ್ನೇ ಕುಡಿಯುತ್ತಾರೆ.

ಕ್ಯಾನ್ಸರ್ ವಾಸಿಮಾಡುವುದಾಗಿ ಮಂತ್ರ, ತಾಯತ, ಕವಚಗಳ ಹೆಸರಿನಲ್ಲಿ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಆದರೆ ಪರಿಚಯದವರು ಕೈಹಿಡಿದು ಪ್ರೀತಿಯಿಂದ ಹೇಳುವ ಮಾತಿಗೆ ಕಾಯಿದೆ ಅಡ್ಡ ಬರುವುದಿಲ್ಲ, ಮನೆಯವರೇ ಬರಬೇಕು.

ಪ್ರಶ್ನೆ ಕೇಳಿದವನಿಂದ

ಎಲ್ಲರಿಗೂ ಕೃತಜ್ಞ. ಕುಮಟಾದ ಅಕ್ಕನವರು ಹೇಳಿದಂತೆ ಚೀಟಿ ತೆಗೆದು ನೋಡಿದೆವು; ಆ ಗುಳಿಗೆ ಎರಡು ಹೊತ್ತಿಗೆ ಇತ್ತು, ನಾವು ಎರಡನೆಯದನ್ನು ರಾತ್ರಿ ಊಟದ ಮೇಲೆ ಕೊಡುತ್ತಿದ್ದೆವು. ವೈದ್ಯರಿಗೆ ಫೋನ್ ಮಾಡಿದಾಗ ಅದನ್ನು ಮಧ್ಯಾಹ್ನಕ್ಕೆ ಬದಲಾಯಿಸಲು ಒಪ್ಪಿದರು.

ಆಯಿಯೊಂದಿಗೆ ಕೂತು ಮಾತನಾಡಿದೆ. ಅಧ್ಯಯನಗಳ ಮಾತಿಗೆ ಅವಳು ಹೆಚ್ಚು ಕಿವಿಗೊಡಲಿಲ್ಲ. ಅಲ್ಲಿ ನಿನಗೆ ಯಾವುದು ಹಿತವೆನಿಸುತ್ತದೆ ಎಂದು ಕೇಳಿದಾಗ, ಆ ಒಂದು ತಾಸು ಯಾರೂ ತನ್ನನ್ನು ಏನೂ ಕೇಳುವುದಿಲ್ಲ ಎಂದಳು. ಮನೆಗೆ ದಿನವೂ ನೋಡಲು ಬರುವವರು ಕೂದಲು ಹೋಯಿತೇ, ಊಟ ಸೇರುತ್ತದೆಯೇ, ಯಾರಿಗೆ ಹೀಗೇ ಆಗಿ ಏನಾಯಿತು ಎಂಬುದನ್ನೇ ಮಾತನಾಡುತ್ತಾರೆ. ಅವರೆಲ್ಲರಿಗೆ ಚಹಾ ಮಾಡಿಸುವ ಚಿಂತೆಯೂ ಅವಳದೇ. ಇದು ನಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಾಲ್ಕನೆಯ ಸುತ್ತಿಗೆ ನಿಗದಿಯಾದ ದಿನವೇ ಹೋಗಲು ಅವಳು ಒಪ್ಪಿದ್ದಾಳೆ. ಪೇಟೆಯ ರೇಖಿಯನ್ನು ಸದ್ಯಕ್ಕೆ ಬಿಟ್ಟು, ಸಂಜೆಯ ಹೊತ್ತು ಅಕ್ಕನೇ ಪಕ್ಕದಲ್ಲಿ ಕೂತು ಕೈಯಿಡುತ್ತೇನೆ ಎನ್ನುತ್ತಾಳೆ. ಅದಕ್ಕೇನಾದರೂ ಎಚ್ಚರಿಕೆ ಬೇಕೇ?

ಉತ್ತರ: ಕುಮಟಾದ ನಿವೃತ್ತ ಸ್ಟಾಫ್ ನರ್ಸ್

ಶಸ್ತ್ರಚಿಕಿತ್ಸೆ ಆದ ಎಡ ಮಗ್ಗುಲು ಮತ್ತು ಎಡಗೈಯನ್ನು ಒತ್ತುವುದು, ತಿಕ್ಕುವುದು ಬೇಡ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಕೈ ಬಾತುಕೊಳ್ಳುವ ಸಂಭವವಿರುತ್ತದೆ, ಬಾವು ಕಂಡರೆ ವೈದ್ಯರಿಗೆ ತೋರಿಸಿ. ನಿಮ್ಮ ಅಕ್ಕ ಸೋಪು ಹಚ್ಚಿ ಕೈ ತೊಳೆದು, ಬಳೆ ತೆಗೆದಿಟ್ಟು, ಅಂಗೈ ಬೆಚ್ಚಗೆ ಮಾಡಿಕೊಂಡು ಪಾದಗಳಿಂದ ಆರಂಭಿಸಲಿ. ಆಕೆಗೆ ನೆಗಡಿ, ಕೆಮ್ಮು ಇದ್ದ ದಿನ ಬೇಡ. ಆ ಹೊತ್ತಿನಲ್ಲಿ ಬಂದವರನ್ನು ನೀವು ಜಗಲಿಯಲ್ಲೇ ಕೂರಿಸಿ, ಚಹಾ ನೀವೇ ಮಾಡಿಕೊಡಿ. ತಾಯಿಯವರು ಎದ್ದ ಮೇಲೆ ಒಮ್ಮೆ ಥರ್ಮಾಮೀಟರ್ ಇಟ್ಟು, ದಿನಾಂಕ ಹಾಕಿ ಬರೆದಿಡಿ.